ನಮೂನೆ ಏಳು ಮತ್ತು ಹುಣಸೂರಿನ ಶಾಸಕ

ನಮ್ಮ ಕರಾವಳಿಯ ಎಷ್ಟೋ ಬ್ಯಾರಿ ಮನೆಗಳಲ್ಲಿ ಅಟ್ಟದ ಮೇಲೋ ಕಪಾಟಿನ ಅಡಿಯಲ್ಲೋ ಒಂದು ಹಳೆಯ ಟ್ರಂಕ್ ಪೆಟ್ಟಿಗೆ ಉಂಟು. ಅದರೊಳಗೆ ಅಜ್ಜನ ಕಾಲದ ಕಾಗದ ಪತ್ರಗಳು, ತೀರ್ವೆ ಕಟ್ಟಿದ ರಶೀದಿಗಳು, ಅವುಗಳ ಮಧ್ಯೆ ಮಡಿಕೆಯ ಗೆರೆಯಲ್ಲಿ ಹರಿಯುತ್ತಾ ಬಂದಿರುವ ಒಂದು ಕಾಗದ. ಭೂನ್ಯಾಯ ಮಂಡಳಿಯ ತೀರ್ಪಿನ ನಂತರ ಸಿಕ್ಕಿದ ನಮೂನೆ ಹತ್ತು. ಮನೆ ಕಟ್ಟಲು ಸಾಲ ಬೇಕಾದಾಗ, ಪಾಲು ಪಟ್ಟಿ ಆಗುವಾಗ, ಹೆದ್ದಾರಿಗೆ ಜಾಗ ಹೋಗುವಾಗ ಮಾತ್ರ ಅದು ಹೊರಗೆ ಬರುತ್ತದೆ. ಕೆಲಸ ಮುಗಿದರೆ ಮತ್ತೆ ಪೆಟ್ಟಿಗೆಗೆ. ಆ ಕಾಗದ ಯಾಕೆ ಬಂತು, ಯಾರ ಕಾಲದಲ್ಲಿ ಬಂತು ಎಂದು ಮನೆಯ ಮಕ್ಕಳನ್ನು ಕೇಳಿ ನೋಡಿ. ಹೆಚ್ಚಿನವರಿಗೆ ಗೊತ್ತಿಲ್ಲ.

ಅದು ದೇವರಾಜ ಅರಸು ಅವರ ಕಾಲದಲ್ಲಿ ಬಂದದ್ದು. ಅರಸು ತೀರಿಕೊಂಡು ನಾಲ್ಕು ದಶಕ ದಾಟಿತು. ಪ್ರತಿ ಆಗಸ್ಟ್ 20ಕ್ಕೆ ಸರ್ಕಾರಿ ಕಚೇರಿಗಳಲ್ಲಿ ಅವರ ಫೋಟೋಗೆ ಹಾರ ಬೀಳುತ್ತದೆ, ಭಾಷಣ ಆಗುತ್ತದೆ. ನಾವು ಈ ವಾರ ಅವರ ಬಗ್ಗೆ ಬರೆಯುವುದು ಹಾರ ಹಾಕಲಿಕ್ಕೆ ಅಲ್ಲ. ನಮ್ಮ ಮನೆಯ ಅಡಿಯ ನೆಲಕ್ಕೂ, ನಮ್ಮ ಮಕ್ಕಳ ಕಾಲೇಜು ಸೀಟಿಗೂ ಈ ಮನುಷ್ಯನ ಜೊತೆ ಇರುವ ಲೆಕ್ಕ ಎಂತದ್ದು ಎಂದು ಒಮ್ಮೆ ಸರಿಯಾಗಿ ತಿಳಿದುಕೊಳ್ಳಲಿಕ್ಕೆ.

ಅರಸು ಹುಟ್ಟಿದ್ದು 1915ರ ಆಗಸ್ಟ್ 20ರಂದು, ಮೈಸೂರು ಜಿಲ್ಲೆಯ ಹುಣಸೂರು ತಾಲೂಕಿನ ಕಲ್ಲಹಳ್ಳಿಯಲ್ಲಿ. ಜಾತಿಯಿಂದ ಅರಸು, ಅಂದರೆ ಮೈಸೂರು ರಾಜಮನೆತನದ ಕುಲ. ಆದರೆ ಎಲ್ಲ ಅರಸುಗಳೂ ಅರಮನೆಯಲ್ಲಿ ಇರಲಿಲ್ಲ. ಇವರದ್ದು ಹಳ್ಳಿಯ ಬೇಸಾಯದ ಮನೆ. ಮೈಸೂರಿನ ಅರಸು ಬೋರ್ಡಿಂಗ್ ಶಾಲೆಯಲ್ಲಿ ಓದಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎಸ್ಸಿ. ಮಾಡಿದರು. ಆ ಕಾಲಕ್ಕೆ ಬಿ.ಎಸ್ಸಿ. ಎಂದರೆ ಸರ್ಕಾರಿ ನೌಕರಿ ಮನೆಬಾಗಿಲಿಗೆ ಬರುವಷ್ಟು ದೊಡ್ಡ ಓದು. ಅವರು ಮಾತ್ರ ಊರಿಗೆ ವಾಪಸು ಬಂದು ಹೊಲ ಗದ್ದೆ ನೋಡಿಕೊಂಡರು. ತಮ್ಮ ಕೆಂಪರಾಜ ಅರಸು ಸಿನಿಮಾ ಕಡೆ ಹೋಗಿ ಹೆಸರು ಮಾಡಿದರು.

ರಾಜಕೀಯಕ್ಕೆ ಬಂದದ್ದು 1941ರಲ್ಲಿ, ಮೈಸೂರು ಸಂಸ್ಥಾನದ ಪ್ರಜಾಪ್ರತಿನಿಧಿ ಸಭೆಗೆ ಆಯ್ಕೆಯಾಗುವ ಮೂಲಕ. ಆಗ ಅವರಿಗೆ ಇಪ್ಪತ್ತಾರು ವರ್ಷ. ರಾಜರ ಕುಲದವನು ರಾಜರ ಆಡಳಿತದ ವಿರುದ್ಧ ಹೋರಾಡುತ್ತಿದ್ದ ಕಾಂಗ್ರೆಸ್ಸಿನ ಜೊತೆ ನಿಂತದ್ದು ಅಂದು ಸಣ್ಣ ಮಾತಲ್ಲ. ಸ್ವಾತಂತ್ರ್ಯದ ನಂತರ 1952ರ ಮೊದಲ ಚುನಾವಣೆಯಲ್ಲಿ ಹುಣಸೂರಿನಿಂದ ವಿಧಾನಸಭೆಗೆ ಬಂದರು. ಅಲ್ಲಿಂದ ಮುಂದೆ ಹುಣಸೂರು ಅವರನ್ನು ಮತ್ತೆ ಮತ್ತೆ ಗೆಲ್ಲಿಸಿತು.

ಹತ್ತು ವರ್ಷ ಬರೀ ಶಾಸಕ. ನಂತರ 1962ರಲ್ಲಿ ನಿಜಲಿಂಗಪ್ಪನವರ ಸಂಪುಟದಲ್ಲಿ ಸಾರಿಗೆ ಸಚಿವ. ಕೆಲವು ವರ್ಷಗಳಲ್ಲಿ ಅದೂ ಹೋಯಿತು, ಮತ್ತೆ ಹಿಂದಿನ ಬೆಂಚಿಗೆ ಬಂದರು. ಆ ಕಾಲದ ರಾಜ್ಯ ರಾಜಕೀಯವನ್ನು ನಡೆಸುತ್ತಿದ್ದದ್ದು ಎರಡು ದೊಡ್ಡ ಸಮುದಾಯಗಳು. ಯಾವ ತಾಲೂಕಿನಲ್ಲಿ ಯಾರ ಓಟು ಎಷ್ಟು ಎಂಬ ಲೆಕ್ಕದ ಮೇಲೆ ಟಿಕೆಟು, ಟಿಕೆಟಿನ ಮೇಲೆ ಮಂತ್ರಿಗಿರಿ. ಅರಸು ಕುಲದವರ ಸಂಖ್ಯೆಯಾದರೋ ಇಡೀ ರಾಜ್ಯದಲ್ಲಿ ಹುಡುಕಿದರೆ ಸಿಗುವಷ್ಟು. ಜಾತಿಯ ಓಟು ನಂಬಿದರೆ ಅವರಿಗೆ ಭವಿಷ್ಯವೇ ಇರಲಿಲ್ಲ.

ಹಾಗಾಗಿ ಅವರು ಬೇರೆ ಲೆಕ್ಕ ಹಾಕಿದರು. ಒಂದೊಂದಾಗಿ ನೋಡಿದರೆ ಕುಂಬಾರ, ಮಡಿವಾಳ, ಗಾಣಿಗ, ಕುರುಬ, ಈಡಿಗ, ಬೆಸ್ತ, ದಲಿತ, ಮುಸ್ಲಿಂ, ಕ್ರಿಶ್ಚಿಯನ್ ಎಲ್ಲರೂ ಕಡಿಮೆ. ಕೂಡಿಸಿದರೆ ಅವರೇ ಹೆಚ್ಚು. ಇದು ಯಾರಿಗೂ ಗೊತ್ತಿಲ್ಲದ ಗುಟ್ಟಲ್ಲ. ಆದರೆ ಅಲ್ಲಿಯವರೆಗೆ ಆ ಕೂಡಿಸುವ ಲೆಕ್ಕವನ್ನು ಅಧಿಕಾರ ಹಿಡಿಯುವ ಮಟ್ಟಕ್ಕೆ ಯಾರೂ ತಂದಿರಲಿಲ್ಲ.

1969ರಲ್ಲಿ ಕಾಂಗ್ರೆಸ್ ಒಡೆಯಿತು. ರಾಜ್ಯದ ದೊಡ್ಡ ನಾಯಕರೆಲ್ಲ ನಿಜಲಿಂಗಪ್ಪನವರ ಜೊತೆ ಹಳೆಯ ಕಾಂಗ್ರೆಸ್ಸಿನಲ್ಲಿ ಉಳಿದರು. ಅರಸು ಇಂದಿರಾ ಗಾಂಧಿಯವರ ಕಡೆ ಹೋದರು. ಅಂದಿನ ಮಟ್ಟಿಗೆ ಅದು ಸೋಲುವ ಕುದುರೆ ಎಂದೇ ಎಲ್ಲರ ಎಣಿಕೆ. ಆದರೆ 1971ರ ಲೋಕಸಭಾ ಚುನಾವಣೆಯಲ್ಲಿ ಮೈಸೂರು ರಾಜ್ಯದ 27 ಸ್ಥಾನಗಳೂ ಇಂದಿರಾ ಕಾಂಗ್ರೆಸ್ಸಿಗೆ ಬಂದವು. 1972ರ ವಿಧಾನಸಭಾ ಚುನಾವಣೆಯಲ್ಲಿ 216ರಲ್ಲಿ 165. ಟಿಕೆಟು ಹಂಚುವಾಗ ಅರಸು ಹಳೆಯ ಮನೆತನಗಳನ್ನು ಬದಿಗಿಟ್ಟು, ಅದುವರೆಗೆ ವಿಧಾನಸೌಧದ ಮೆಟ್ಟಿಲು ಹತ್ತದ ಸಮುದಾಯಗಳ ಹುಡುಗರಿಗೆ ಕೊಟ್ಟಿದ್ದರು. ನಮ್ಮ ಉಳ್ಳಾಲದಿಂದ ಯು.ಟಿ. ಫರೀದ್ ಅವರು ಮೊದಲ ಸಲ ಶಾಸಕರಾದದ್ದು ಇದೇ ಚುನಾವಣೆಯಲ್ಲಿ. 1972ರ ಮಾರ್ಚ್ 20ರಂದು ಅರಸು ಮುಖ್ಯಮಂತ್ರಿಯಾದರು. ಮರುವರ್ಷ ನವೆಂಬರ್ 1ಕ್ಕೆ ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದದ್ದೂ ಅವರ ಅವಧಿಯಲ್ಲೇ.

ಈಗ ನಮ್ಮ ಕಡೆಗೆ ಬರೋಣ. ಅಂದಿನ ದಕ್ಷಿಣ ಕನ್ನಡ, ಅಂದರೆ ಉಡುಪಿಯೂ ಸೇರಿದ ಜಿಲ್ಲೆ, ಗೇಣಿಯ ಜಿಲ್ಲೆ. ಬೈಲು ಗದ್ದೆ ಇರಲಿ, ಮಜಲು ಇರಲಿ, ಬೆಟ್ಟು ಇರಲಿ, ಉಳುವವನು ಒಬ್ಬ, ಒಡೆಯ ಇನ್ನೊಬ್ಬ. ಮೂಲಗೇಣಿಯವರಿಗೆ ಸ್ವಲ್ಪ ಭದ್ರತೆ ಇತ್ತು. ಯಾಕೆಂದರೆ ಅದು ತಲೆಮಾರಿನಿಂದ ತಲೆಮಾರಿಗೆ ಹೋಗುವ ಹಕ್ಕು. ಚಾಲಗೇಣಿಯವರದ್ದು ಹಾಗಲ್ಲ. ಧಣಿಗೆ ಮನಸ್ಸು ಇರುವವರೆಗೆ ಗದ್ದೆ, ಮನಸ್ಸು ಹೋದರೆ ಒಕ್ಕಲೆಬ್ಬಿಸಿದ್ದೇ. ಗೇಣಿ ಎಂದರೆ ಅಕ್ಕಿಯ ಲೆಕ್ಕ, ಇಷ್ಟು ಮುಡಿ ಎಂದು. ಮಳೆ ಕೈಕೊಟ್ಟರೂ ಹುಳ ಬಿದ್ದರೂ ಮುಡಿ ಕಟ್ಟಿ ಧಣಿಯ ಅಂಗಳಕ್ಕೆ ಮುಟ್ಟಿಸಲೇಬೇಕು. ಮುಡಿ ಕಟ್ಟುವ ಕೈ ನಮ್ಮದು, ಹಸಿವೂ ನಮ್ಮದು. ಆಟಿ ತಿಂಗಳಲ್ಲಿ ಹಲಸಿನ ಬೀಜ, ಗೆಣಸು, ಗಂಜಿತಿಳಿಯಲ್ಲಿ ದಿನ ದೂಡಿದ ಕತೆ ಹೇಳುವ ಉಮ್ಮಂದಿರು ಈಗಲೂ ಕೆಲವು ಮನೆಗಳಲ್ಲಿ ಇದ್ದಾರೆ.

ಬ್ಯಾರಿ ಎಂದರೆ ವ್ಯಾಪಾರಿ ಎಂದು ಹೆಸರಿನ ಅರ್ಥ ಹೇಳುವವರು ಇದ್ದಾರೆ. ಬಂದರಿನಲ್ಲಿ, ಪೇಟೆಯಲ್ಲಿ ಅದು ನಿಜ. ಆದರೆ ಬಂಟ್ವಾಳ, ಬೆಳ್ತಂಗಡಿ, ಪುತ್ತೂರಿನ ಒಳ ಊರುಗಳಲ್ಲಿ ನಮ್ಮವರಲ್ಲಿ ಎಷ್ಟೋ ಮಂದಿ ಗೇಣಿ ಒಕ್ಕಲುಗಳು, ಕೂಲಿಯವರು. ಬಿಲ್ಲವರು, ಮೂಲ್ಯರು, ಗೌಡರು, ಕ್ರಿಶ್ಚಿಯನ್ನರು, ಬಂಟರಲ್ಲೇ ಬಡವರು, ಇವರ ಪಕ್ಕದ ಗದ್ದೆಯಲ್ಲಿ ನಮ್ಮ ಅಜ್ಜಂದಿರೂ ಉಳುತ್ತಿದ್ದರು. ಧಣಿಯ ಮನೆಯ ಅಂಗಳದಲ್ಲಿ ಎಲ್ಲರೂ ನಿಲ್ಲುತ್ತಿದ್ದದ್ದು ಒಂದೇ ಸಾಲಿನಲ್ಲಿ.

ಭೂಸುಧಾರಣೆ ಅರಸು ಕಂಡುಹಿಡಿದ ವಿಷಯವಲ್ಲ. ಕಾನೂನು 1961ರಲ್ಲೇ ಆಗಿತ್ತು, 1965ರ ಅಕ್ಟೋಬರ್ 2ರಿಂದ ಜಾರಿಗೂ ಬಂದಿತ್ತು. ಆದರೆ ಅದರಲ್ಲಿ ಸಂದುಗಳಿದ್ದವು. ಸ್ವಂತ ಬೇಸಾಯಕ್ಕೆ ಬೇಕು ಎಂದು ಧಣಿ ಜಮೀನು ವಾಪಸು ಕೇಳಬಹುದಿತ್ತು. ಕೋರ್ಟಿಗೆ ಎಳೆಯಬಹುದಿತ್ತು. ಒಕ್ಕಲಿನವನಿಗೆ ಕೋರ್ಟಿನ ಖರ್ಚು ಎಲ್ಲಿಂದ? ಎಷ್ಟೋ ಕಡೆ ಕಾನೂನು ಬಂತೆಂಬ ಸುದ್ದಿ ಒಕ್ಕಲಿಗೆ ಮುಟ್ಟುವ ಮೊದಲೇ ಅವನು ಗದ್ದೆಯಿಂದ ಹೊರಗೆ.

ಅರಸು ಸರ್ಕಾರ ಮಾಡಿದ್ದು ಆ ಕಾನೂನಿಗೆ ತಿದ್ದುಪಡಿ. ಅದು 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ತಿದ್ದುಪಡಿ ಎಂದರೆ ಸಣ್ಣ ಶಬ್ದ. ಆದರೆ ಅದು ಮಾಡಿದ ಕೆಲಸ ಇದು: ಆ ದಿನಾಂಕಕ್ಕೆ ಗೇಣಿಯಲ್ಲಿದ್ದ ಜಮೀನೆಲ್ಲ ಮೊದಲು ಸರ್ಕಾರಕ್ಕೆ ಸೇರಿತು. ಒಡೆಯನಿಗೆ ಪರಿಹಾರ. ಉಳುತ್ತಿದ್ದವನು ಅರ್ಜಿ ಹಾಕಿ ತಾನೇ ಉಳುವವನು ಎಂದು ತೋರಿಸಿದರೆ ಅವನ ಹೆಸರಿಗೆ ಜಮೀನು. ಕಟ್ಟಬೇಕಾದ ಹಣವನ್ನು ಕಂತಿನಲ್ಲಿ ಕಟ್ಟಲೂ ಅವಕಾಶ. ಹೊಸದಾಗಿ ಗೇಣಿಗೆ ಕೊಡುವುದಕ್ಕೇ ನಿಷೇಧ. ಒಂದು ಸಾಧಾರಣ ಕುಟುಂಬಕ್ಕೆ ಒಳ್ಳೆಯ ನೀರಾವರಿ ಜಮೀನಾದರೆ ಹತ್ತು ಎಕರೆ, ಪೂರ್ತಿ ಖುಷ್ಕಿಯಾದರೆ 54 ಎಕರೆ ಎಂಬ ಮಿತಿಯೂ ಬಂತು.

ಆ ಅರ್ಜಿಯೇ ನಮೂನೆ ಏಳು. ನಮ್ಮೂರಲ್ಲಿ ಅದನ್ನು ಯಾರೂ ಆ ಹೆಸರಲ್ಲಿ ಕರೆಯಲಿಲ್ಲ, ಡಿಕ್ಲರೇಶನ್ ಎಂದರು. ಇಂಥವರು ಡಿಕ್ಲರೇಶನ್ ಕೊಟ್ಟರಂತೆ ಎಂಬ ಸುದ್ದಿ ಊರಿಡೀ ಹರಡುತ್ತಿತ್ತು. ಅದು ಬರೀ ಅರ್ಜಿಯಲ್ಲ, ತಲೆಮಾರುಗಳಿಂದ ತಲೆ ತಗ್ಗಿಸಿ ನಿಂತ ಧಣಿಯ ಎದುರು ತಲೆ ಎತ್ತಿ ನಿಂತ ಹಾಗೆ.

ಅರ್ಜಿಯ ವಿಚಾರಣೆಗೆ ತಾಲೂಕು ತಾಲೂಕಿಗೆ ಭೂನ್ಯಾಯ ಮಂಡಳಿ. ಅಧ್ಯಕ್ಷತೆ ಅಸಿಸ್ಟೆಂಟ್ ಕಮಿಷನರದ್ದು. ಜೊತೆಗೆ ಸರ್ಕಾರ ನೇಮಿಸಿದ ಸದಸ್ಯರು, ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು ಇರಬೇಕು. ಹಿಂದೆ ಧಣಿಯ ಅಂಗಳಕ್ಕೂ ಹತ್ತಲಾಗದವರು ಈಗ ಧಣಿಯ ಜಮೀನಿನ ತೀರ್ಮಾನಕ್ಕೆ ಕುರ್ಚಿಯಲ್ಲಿ ಕುಳಿತರು. ಮಂಡಳಿಯ ಮುಂದೆ ವಕೀಲರಿಗೆ ಪ್ರವೇಶ ಇಲ್ಲ ಎಂದೂ ಕಾನೂನು ಹೇಳಿತ್ತು. ಯಾಕೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಒಳ್ಳೆಯ ವಕೀಲ ಯಾರ ಕಡೆ ನಿಲ್ಲುತ್ತಾನೆ ಎಂದು ಅರಸು ಅವರಿಗೆ ಗೊತ್ತಿತ್ತು. ಚಾಲಗೇಣಿಗೆ ಕಾಗದ ಪತ್ರ ಎಲ್ಲಿ? ಗೇಣಿ ಕೊಟ್ಟದ್ದಕ್ಕೆ ರಶೀದಿ ಸಿಕ್ಕಿದವರೇ ಕಡಿಮೆ. ಹಾಗಾಗಿ ನೆರೆಕರೆಯವರ ಬಾಯಿಮಾತಿನ ಸಾಕ್ಷಿಗೂ ಅಲ್ಲಿ ಬೆಲೆ ಬಂತು.

ನಮ್ಮ ಸಮುದಾಯದಲ್ಲಿ ಆಗ ಒಂದು ದೊಡ್ಡ ತೊಡಕು ಇತ್ತು. ಅಜ್ಜಂದಿರು ಮದ್ರಸಕ್ಕೆ ಹೋಗಿದ್ದರು, ಅರಬಿ ಅಕ್ಷರ ಗೊತ್ತಿತ್ತು. ಕನ್ನಡ ಅಕ್ಷರ ಗೊತ್ತಿದ್ದವರು ಊರಿಗೆ ಬೆರಳೆಣಿಕೆ. ಮನೆಯಲ್ಲಿ ಬ್ಯಾರಿ ಭಾಷೆ, ಗದ್ದೆಯಲ್ಲಿ ತುಳು, ಕಚೇರಿಯಲ್ಲಿ ಮಾತ್ರ ಕನ್ನಡ. ಅರ್ಜಿ ತುಂಬಿಸಲಿಕ್ಕೆ ಶಾಲೆಯ ಮೇಷ್ಟ್ರು ಬೇಕು, ಇಲ್ಲದಿದ್ದರೆ ರೈತ ಸಂಘದ ಕಾರ್ಯಕರ್ತರು ಬೇಕು. ಕರಾವಳಿಯಲ್ಲಿ ಕಮ್ಯುನಿಸ್ಟರೂ ಸಮಾಜವಾದಿಗಳೂ ಗೇಣಿದಾರರನ್ನು ಅದಾಗಲೇ ಸಂಘಟಿಸಿದ್ದರು ಎಂಬುದು ಇಲ್ಲಿ ನೆನಪಿಡಬೇಕು. ಕಾನೂನು ಬೆಂಗಳೂರಿನಲ್ಲಿ ಆಯಿತು, ಆದರೆ ಅದನ್ನು ಗದ್ದೆಯ ಬದುವಿನವರೆಗೆ ತಂದವರು ಇವರು.

ಹೆದರಿ ಅರ್ಜಿ ಹಾಕದವರೂ ಇದ್ದರು. ಧಣಿಯ ಅನ್ನ ತಿಂದಿದ್ದೇವೆ, ಹೇಗೆ ಕೊಡುವುದು ಎಂದು ಹಿಂದೆ ಸರಿದವರು ಇದ್ದರು. ಧಣಿಯೇ ಕರೆದು ಸ್ವಲ್ಪ ಹಣ ಕೊಟ್ಟು ಬಾಯಿ ಮುಚ್ಚಿಸಿದ್ದೂ ಉಂಟು. ಒಳ್ಳೆಯ ಧಣಿಗಳೂ ಇದ್ದರು ಎಂಬುದನ್ನೂ ಹೇಳಬೇಕು, ತಾವೇ ಒಕ್ಕಲನ್ನು ಕರೆದು ಅರ್ಜಿ ಹಾಕು ಎಂದವರು. ಅರ್ಜಿಗೆ ಕೊಟ್ಟ ಗಡುವನ್ನು ಸರ್ಕಾರ ಮತ್ತೆ ಮತ್ತೆ ಮುಂದೆ ಹಾಕಿತು, ಕೊನೆಗೆ 1979ರ ಜೂನ್ 30ರವರೆಗೆ. ಅಷ್ಟರೊಳಗೆ ಕಾಗದ ಕೊಟ್ಟವರ ಮಕ್ಕಳು ಇಂದು ಜಾಗದ ಒಡೆಯರು. ಕೊಡದವರ ಮಕ್ಕಳು ಇಂದು ಎಲ್ಲಿದ್ದಾರೆ ಎಂದು ನಿಮ್ಮ ಊರಲ್ಲೇ ನೋಡಬಹುದು. ಒಂದೇ ಅಜ್ಜನ ಇಬ್ಬರು ಮಕ್ಕಳಲ್ಲಿ ಒಬ್ಬನಿಗೆ ತೋಟ, ಇನ್ನೊಬ್ಬನಿಗೆ ಬಾಡಿಗೆ ಮನೆ. ಒಂದು ಕಾಗದದ ವ್ಯತ್ಯಾಸ ಅಷ್ಟು.

ಗದ್ದೆ ಕೈಗೆ ಬಂದ ಮೇಲೆ ಏನಾಯಿತು? ಅಕ್ಕಿಯ ಮುಡಿ ಮನೆಯಲ್ಲೇ ಉಳಿಯಿತು. ಮಜಲಿನಲ್ಲಿ ಅಡಿಕೆ ಸಸಿ ನೆಟ್ಟರು, ಯಾಕೆಂದರೆ ಈಗ ಎಬ್ಬಿಸುವವರಿಲ್ಲ. ಸೊಸೈಟಿಯಲ್ಲಿ ಸಾಲ ಸಿಕ್ಕಿತು. ಅದೇ ಹೊತ್ತಿಗೆ ಗಲ್ಫಿನ ದಾರಿ ತೆರೆಯಿತು. ಜಾಗದ ಮೇಲೆ ಸಾಲ ಎತ್ತಿ ಮಗನ ವೀಸಾಕ್ಕೆ ಹಣ ಹೊಂದಿಸಿದ ಮನೆಗಳು ಎಷ್ಟಿಲ್ಲ? ದುಬೈಯ ಹಣದಿಂದ ನಾವು ಮೇಲೆ ಬಂದೆವು ಎಂದು ನಮ್ಮಲ್ಲಿ ಹೇಳುತ್ತಾರೆ. ದುಬೈಗೆ ಹೋಗುವ ಮೊದಲ ಹಣ ಎಲ್ಲಿಂದ ಬಂತು ಎಂದು ಯಾರೂ ಕೇಳುವುದಿಲ್ಲ.

ಈ ಕಾನೂನಿನಲ್ಲಿ ತಪ್ಪುಗಳೂ ಇದ್ದವು. ಕಾಫಿ, ಏಲಕ್ಕಿ, ರಬ್ಬರ್ ತೋಟಗಳಿಗೆ ಮಿತಿಯಿಂದ ವಿನಾಯಿತಿ ಸಿಕ್ಕಿತು, ದೊಡ್ಡ ಎಸ್ಟೇಟುಗಳು ಹಾಗೆಯೇ ಉಳಿದವು. ಇನ್ನೊಂದು ಕಡೆ, ಎರಡು ಎಕರೆ ಗೇಣಿಗೆ ಕೊಟ್ಟು ಅದರ ಅಕ್ಕಿಯಲ್ಲೇ ಬದುಕುತ್ತಿದ್ದ ಸಣ್ಣ ಒಡೆಯರೂ ನೆಲ ಕಳೆದುಕೊಂಡರು. ಅವರಲ್ಲಿ ಬ್ರಾಹ್ಮಣರಿದ್ದರು, ಬಂಟರಿದ್ದರು, ಜೈನರಿದ್ದರು, ನಮ್ಮವರೂ ಇದ್ದರು. ಅವರ ನೋವು ಸುಳ್ಳಲ್ಲ. ಸ್ವಂತ ಗೇಣಿ ಗದ್ದೆಯೂ ಇಲ್ಲದ ಕೂಲಿಯವರಿಗೆ ಸಿಕ್ಕಿದ್ದು ಕಡಿಮೆ. ವಾಸದ ಗುಡಿಸಲಿನ ಅಡಿಯ ಜಾಗದ ಹಕ್ಕು ಅವರಿಗೂ ಬಂತು, ಆದರೆ ಉಳುವ ಭೂಮಿ ಅವರಲ್ಲಿ ಹೆಚ್ಚಿನವರಿಗೆ ಬರಲಿಲ್ಲ.

ಅರಸು ಅವರ ಎರಡನೆಯ ದೊಡ್ಡ ಕೆಲಸ ಮೀಸಲಾತಿ. ಅದರಲ್ಲಿ ನಮಗೆ ಸಂಬಂಧಪಟ್ಟ ಒಂದು ತಿರುವು ಉಂಟು.

ಮುಖ್ಯಮಂತ್ರಿಯಾದ ಐದೇ ತಿಂಗಳಿಗೆ, 1972ರ ಆಗಸ್ಟಿನಲ್ಲಿ, ವಕೀಲ ಎಲ್.ಜಿ. ಹಾವನೂರು ಅವರ ಅಧ್ಯಕ್ಷತೆಯಲ್ಲಿ ಹಿಂದುಳಿದ ವರ್ಗಗಳ ಆಯೋಗ ನೇಮಿಸಿದರು. ಆಯೋಗ ಮೂರು ವರ್ಷಕ್ಕೂ ಹೆಚ್ಚು ಕಾಲ ಕೆಲಸ ಮಾಡಿ 1975ರ ನವೆಂಬರಿನಲ್ಲಿ ವರದಿ ಕೊಟ್ಟಿತು. ಯಾವ ಜಾತಿಯಲ್ಲಿ ಎಷ್ಟು ಮಂದಿ ಎಸ್ಸೆಸ್ಸೆಲ್ಸಿ ಪಾಸಾಗಿದ್ದಾರೆ, ಎಷ್ಟು ಮಂದಿ ಸರ್ಕಾರಿ ನೌಕರಿಯಲ್ಲಿದ್ದಾರೆ ಎಂದು ಲೆಕ್ಕ ತೆಗೆದ ವರದಿ ಅದು. ಹೊರಗೆ ಬಂದ ಕೂಡಲೇ ಪಟ್ಟಿಯಿಂದ ಹೊರಗುಳಿದವರಿಂದ ದೊಡ್ಡ ವಿರೋಧ ಎದ್ದಿತು.

ಆ ಪಟ್ಟಿಯಲ್ಲಿ ಮುಸ್ಲಿಮರೂ ಇರಲಿಲ್ಲ. ಧಾರ್ಮಿಕ ಅಲ್ಪಸಂಖ್ಯಾತರು ಬೇರೆ, ಹಿಂದುಳಿದ ಜಾತಿಗಳು ಬೇರೆ ಎಂಬುದು ಆಯೋಗದ ದೃಷ್ಟಿ. ಇಲ್ಲಿಗೆ ಮಾತು ನಿಂತಿದ್ದರೆ ನಮ್ಮ ಕತೆ ಬೇರೆ ಆಗುತ್ತಿತ್ತು. ವರದಿ ಕೈಗೆ ಬಂದ ಮೇಲೆ ಸರ್ಕಾರ ಅದನ್ನು ಇದ್ದ ಹಾಗೆ ಜಾರಿ ಮಾಡಲಿಲ್ಲ. 1977ರ ಫೆಬ್ರುವರಿ 22ರಂದು ಹೊರಡಿಸಿದ ಆದೇಶದಲ್ಲಿ ಹಿಂದುಳಿದ ಸಮುದಾಯಗಳ ಗುಂಪಿಗೆ ಮುಸ್ಲಿಮರನ್ನೂ ಸೇರಿಸಿತು. ಆ ಗುಂಪಿಗೆ ಶೇ. 20, ಹಿಂದುಳಿದ ಜಾತಿಗಳಿಗೆ ಶೇ. 10, ಹಿಂದುಳಿದ ಬುಡಕಟ್ಟುಗಳಿಗೆ ಶೇ. 5, ಜಾತಿ ನೋಡದೆ ಬಡವರಿಗೆ ಎಂದು ವಿಶೇಷ ಗುಂಪಿಗೆ ಶೇ. 5.

ಇದರಲ್ಲಿ ಗಮನಿಸಬೇಕಾದ್ದು, ಮುಸ್ಲಿಮರನ್ನು ಧರ್ಮದ ಹೆಸರಿನಲ್ಲಿ ಸೇರಿಸಿದ್ದಲ್ಲ. ಓದಿನಲ್ಲೂ ನೌಕರಿಯಲ್ಲೂ ಹಿಂದೆ ಬಿದ್ದ ಸಮುದಾಯ ಎಂಬ ನೆಲೆಯಲ್ಲಿ ಸೇರಿಸಿದ್ದು. ಮುಂದೆ ಈ ವಿಷಯ ಕೋರ್ಟಿಗೆ ಹೋಯಿತು, ಹೊಸ ಆಯೋಗಗಳು ಬಂದವು, ವರದಿಗಳು ಬಂದವು. 1995ರಲ್ಲಿ ದೇವೇಗೌಡರ ಸರ್ಕಾರದ ಕಾಲದಲ್ಲಿ 2ಬಿ ಪ್ರವರ್ಗ, ಶೇ. 4 ಎಂಬ ರೂಪ ಬಂತು. ಇಂದು ನಮ್ಮ ಮಗಳು ನರ್ಸಿಂಗ್ ಸೀಟಿಗೋ ಇಂಜಿನಿಯರಿಂಗ್ ಸೀಟಿಗೋ ತಾಲೂಕು ಕಚೇರಿಯಿಂದ ತರುವ ಪ್ರಮಾಣಪತ್ರದ ಬೇರು ಹುಡುಕಿದರೆ ಆ ಫೆಬ್ರುವರಿಯ ಆದೇಶ ಸಿಗುತ್ತದೆ. ಈ ಮೀಸಲಾತಿಯ ಬಗ್ಗೆ ಇವತ್ತಿಗೂ ವಾದ ನಡೆಯುತ್ತದೆ. ವಾದ ಮಾಡುವವರು ಮಾಡಲಿ. ಅದು ಎಲ್ಲಿಂದ ಶುರುವಾಯಿತು, ಯಾವ ಆಧಾರದಲ್ಲಿ ಬಂತು ಎಂಬುದಾದರೂ ನಮ್ಮ ಮಕ್ಕಳಿಗೆ ಗೊತ್ತಿರಬೇಕಲ್ಲ?

ಉಳಿದ ಕೆಲಸಗಳನ್ನು ಸಂಕ್ಷಿಪ್ತವಾಗಿ ಹೇಳುತ್ತೇವೆ. ಮಲ ಹೊರುವ ಪದ್ಧತಿ ನಿಲ್ಲಿಸಲು ಹೊರಟದ್ದು ಅವರ ಸಂಪುಟದ ಬಿ. ಬಸವಲಿಂಗಪ್ಪನವರು. ಮನುಷ್ಯನ ತಲೆಯ ಮೇಲೆ ಮನುಷ್ಯನ ಮಲದ ಬುಟ್ಟಿ ಇರಬಾರದು ಎಂಬ ಇಷ್ಟು ಸರಳ ವಿಷಯಕ್ಕೆ ಸ್ವಾತಂತ್ರ್ಯ ಬಂದು ಕಾಲು ಶತಮಾನ ಕಾಯಬೇಕಾಯಿತು. 1976ರ ಋಣಪರಿಹಾರ ಕಾಯಿದೆ ಬಡವರ ಖಾಸಗಿ ಸಾಲ ಮನ್ನಾ ಮಾಡಿತು. ಜೀತದಿಂದ ಬಿಡುಗಡೆ, ಮನೆ ಇಲ್ಲದವರಿಗೆ ಜನತಾ ಮನೆ, ವೃದ್ಧರಿಗೆ ಪಿಂಚಣಿ, ಕೆಲಸವಿಲ್ಲದ ಪದವೀಧರರಿಗೆ ಸ್ಟೈಪೆಂಡ್. ಹಿಂದುಳಿದ ವರ್ಗಗಳ ಹಾಸ್ಟೆಲುಗಳು ಹೆಚ್ಚಿದವು. ಹಳ್ಳಿಯ ಹುಡುಗ ಪೇಟೆಯ ಕಾಲೇಜಿಗೆ ಹೋಗಬೇಕಾದರೆ ಮೊದಲು ಬೇಕಾದ್ದು ಒಂದು ಮಂಚ, ಎರಡು ಹೊತ್ತು ಊಟ. ಆ ಹಾಸ್ಟೆಲುಗಳಲ್ಲಿ ಉಂಡು ಓದಿದವರು ಈ ಪುಟದ ಓದುಗರಲ್ಲೂ ಇದ್ದೀರಿ.

ಮೈಸೂರಿನ ಅಜೀಜ್ ಸೇಠ್ ಅವರು ಅರಸು ಸಂಪುಟದಲ್ಲಿ ಸಚಿವರಾಗಿದ್ದರು. 1978ರ ಚುನಾವಣೆಯಲ್ಲಿ ಬಂಟ್ವಾಳದಿಂದ ಬಿ.ಎ. ಮೊಹಿದೀನ್ ಅವರು ಶಾಸಕರಾದರು. ಮುಂದೆ ಅವರು ರಾಜ್ಯದ ಸಚಿವರೂ ಆದದ್ದು ನಮ್ಮ ಓದುಗರಿಗೆ ಗೊತ್ತಿರುವ ವಿಷಯ. ಬಂಟ್ವಾಳದಂಥ ಕ್ಷೇತ್ರದಲ್ಲಿ ಒಬ್ಬ ಬ್ಯಾರಿಯನ್ನು ಎಲ್ಲ ಜಾತಿಯವರೂ ಸೇರಿ ಗೆಲ್ಲಿಸಿದರು. ಈಗಿನ ದಿನಗಳಲ್ಲಿ ಕುಳಿತು ಇದನ್ನು ಓದುವಾಗ ಸ್ವಲ್ಪ ಹೊತ್ತು ಸುಮ್ಮನಾಗಬೇಕಾಗುತ್ತದೆ. ಒಂದೇ ಕಾನೂನಿನಿಂದ ಗದ್ದೆ ಪಡೆದ ಬಿಲ್ಲವನೂ ಬ್ಯಾರಿಯೂ ಒಂದೇ ಗುರುತಿಗೆ ಓಟು ಹಾಕಿದ ಕಾಲ ಅದು.

ಮೆಚ್ಚಿದವರ ಬಗ್ಗೆ ಬರೆಯುವಾಗ ಕುಂದು ಮುಚ್ಚಿಡುವುದು ಸರಿಯಲ್ಲ. ಅರಸು ಅವರ ಭೂಸುಧಾರಣೆಯ ಮುಖ್ಯ ವರ್ಷಗಳಲ್ಲಿ ಎರಡು ವರ್ಷ ತುರ್ತು ಪರಿಸ್ಥಿತಿಯದ್ದು. ಪ್ರತಿಪಕ್ಷದ ನಾಯಕರು ಜೈಲಿನಲ್ಲಿದ್ದರು, ಪತ್ರಿಕೆಗಳ ಮೇಲೆ ಸೆನ್ಸಾರ್ ಇತ್ತು. ಅದರ ಹೊಣೆಯಿಂದ ಅರಸು ಸರ್ಕಾರವನ್ನು ಬಿಡಿಸಲಾಗದು. ಹಣದ ವಿಷಯದಲ್ಲೂ ಅವರ ಹೆಸರು ಚೊಕ್ಕವಾಗಿ ಉಳಿಯಲಿಲ್ಲ. ಪಕ್ಷ ನಡೆಸಲು, ಶಾಸಕರನ್ನು ಹಿಡಿದಿಡಲು ಹಣ ಸುರಿದರು ಎಂಬ ಮಾತು ಅವರ ಕಾಲದಲ್ಲೇ ಇತ್ತು. ಕೇಂದ್ರದ ಜನತಾ ಸರ್ಕಾರ 1977ರಲ್ಲಿ ಅವರ ಮೇಲಿನ ಆರೋಪಗಳ ತನಿಖೆಗೆ ಗ್ರೋವರ್ ಆಯೋಗ ನೇಮಿಸಿತು. ರಾಜ್ಯ ಸರ್ಕಾರ ಸುಪ್ರೀಂ ಕೋರ್ಟಿಗೆ ಹೋದರೂ ಆಯೋಗ ನಿಲ್ಲಲಿಲ್ಲ. ಕೆಲವು ಆರೋಪಗಳಲ್ಲಿ, ಹತ್ತಿರದ ಸಂಬಂಧಿಕರಿಗೆ ಅನುಕೂಲ ಮಾಡಿಕೊಟ್ಟ ವಿಷಯವೂ ಸೇರಿ, ತಪ್ಪಾಗಿದೆ ಎಂದು ಆಯೋಗ ಹೇಳಿತು. ಬಡವರಿಗೆ ಒಳ್ಳೆಯದು ಮಾಡಿದರು ಎಂಬುದು ಇದಕ್ಕೆ ಉತ್ತರವಲ್ಲ. ಎರಡನ್ನೂ ಒಟ್ಟಿಗೆ ನೆನಪಿಟ್ಟುಕೊಳ್ಳಬೇಕು.

1977ರ ಕೊನೆಯ ದಿನ ಅವರ ಸರ್ಕಾರ ಹೋಗಿ ರಾಷ್ಟ್ರಪತಿ ಆಡಳಿತ ಬಂತು. ಎರಡೇ ತಿಂಗಳಲ್ಲಿ, 1978ರ ಫೆಬ್ರುವರಿ 28ಕ್ಕೆ, ಚುನಾವಣೆ ಗೆದ್ದು ಅವರೇ ವಾಪಸು ಬಂದರು. ಉತ್ತರ ಭಾರತ ಇಡೀ ಇಂದಿರಾ ಗಾಂಧಿಯವರನ್ನು ತಿರಸ್ಕರಿಸಿದ್ದ ಹೊತ್ತು ಅದು. ಅದೇ ವರ್ಷ ನವೆಂಬರಿನಲ್ಲಿ ಇಂದಿರಾ ಚಿಕ್ಕಮಗಳೂರಿನಿಂದ ಲೋಕಸಭೆಗೆ ಗೆದ್ದರು. ಆ ಗೆಲುವಿಗೆ ನೆಲ ಹದ ಮಾಡಿಕೊಟ್ಟದ್ದು ಅರಸು ಅವರ ಆರು ವರ್ಷದ ಕೆಲಸ.

ಆದರೆ ಆ ನಂಟು ಹೆಚ್ಚು ದಿನ ಉಳಿಯಲಿಲ್ಲ. ಪಕ್ಷದ ಹಿಡಿತದ ಬಗ್ಗೆ, ಸಂಜಯ್ ಗಾಂಧಿ ಮತ್ತೆ ಮೇಲೆ ಬರುವ ಬಗ್ಗೆ ಮನಸ್ತಾಪ ಬೆಳೆಯಿತು. 1979ರ ಜೂನಿನಲ್ಲಿ ಇಂದಿರಾ ಅವರನ್ನು ಪಕ್ಷದಿಂದ ಹೊರಗೆ ಹಾಕಿದರು. ಹೆಚ್ಚಿನ ಶಾಸಕರು ಮೊದಲಿಗೆ ಅರಸು ಜೊತೆಗೇ ನಿಂತರು. 1980ರ ಜನವರಿಯ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 28ರಲ್ಲಿ 27 ಸ್ಥಾನ ಇಂದಿರಾ ಕಾಂಗ್ರೆಸ್ಸಿಗೆ ಹೋದಾಗ ಅದೇ ಶಾಸಕರು ರಾತ್ರಿ ಬೆಳಗಾಗುವುದರೊಳಗೆ ಆಚೆ ದಾಟಿದರು. ಯಾರಿಗೆ ಅರಸು ಟಿಕೆಟು ಕೊಟ್ಟು ವಿಧಾನಸೌಧ ತೋರಿಸಿದ್ದರೋ ಅವರಲ್ಲೇ ಎಷ್ಟೋ ಮಂದಿ. ಗುಂಡೂರಾಯರು ಮುಖ್ಯಮಂತ್ರಿಯಾದರು.

ಗದ್ದೆ ಪಡೆದ ಜನರೂ ಆ ಚುನಾವಣೆಯಲ್ಲಿ ಅರಸು ಕಡೆ ಬರಲಿಲ್ಲ. ಅವರ ಕಣ್ಣಿಗೆ ಭೂಮಿ ಕೊಟ್ಟದ್ದು ಇಂದಿರಮ್ಮ. ಮನೆಯ ಗೋಡೆಯಲ್ಲಿ ಇದ್ದದ್ದು ಇಂದಿರಮ್ಮನ ಫೋಟೋ. ಕಾನೂನು ಮಾಡಿದವನ ಹೆಸರು ಕಾಗದದಲ್ಲಿ ಎಲ್ಲೂ ಇರುವುದಿಲ್ಲವಲ್ಲ. ನಮ್ಮ ಊರುಗಳಲ್ಲೂ ಆದದ್ದು ಇದೇ.

ಹೊಸ ಪಕ್ಷ ಕಟ್ಟುವ ಪ್ರಯತ್ನದಲ್ಲಿ ಇರುವಾಗಲೇ 1982ರ ಜೂನ್ 6ರಂದು ಅರಸು ತೀರಿಕೊಂಡರು. ವಯಸ್ಸು ಅರವತ್ತಾರು. ಅವರು ಹುಟ್ಟುಹಾಕಿದ ಕ್ರಾಂತಿರಂಗ ಜನತಾ ಪಕ್ಷದ ಜೊತೆ ಸೇರಿ, ಮರುವರ್ಷ ರಾಜ್ಯದಲ್ಲಿ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಬಂತು. ಅದನ್ನು ನೋಡಲು ಅವರಿರಲಿಲ್ಲ.

ಕೊನೆಯದಾಗಿ, ಈ ಕತೆಯಿಂದ ನಮ್ಮ ಮನೆಗಳಿಗೆ ಬರುವ ಒಂದು ಕೆಲಸ ಉಂಟು. ಆ ಟ್ರಂಕ್ ಪೆಟ್ಟಿಗೆ ಒಮ್ಮೆ ಇಳಿಸಿ. ನಮೂನೆ ಹತ್ತನ್ನು ಪಹಣಿಯ ಜೊತೆ ಹಿಡಿದು ನೋಡಿ. ಎಷ್ಟೋ ಮನೆಗಳಲ್ಲಿ ಜಾಗ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲೇ ಇದೆ. ಇನ್ನು ಕೆಲವು ಕಡೆ ಅರ್ಜಿ ಹಾಕಿದ್ದು ಹಿರಿಯ ಮಗ, ಹಾಗಾಗಿ ಕಾಗದದಲ್ಲಿ ಅವನೊಬ್ಬನ ಹೆಸರು. ಆದರೆ ಆ ಗದ್ದೆಯಲ್ಲಿ ನಾಟಿ ಮಾಡಿದ್ದು, ಗೇಣಿಯ ಅಕ್ಕಿ ಕುಟ್ಟಿದ್ದು, ರಾತ್ರಿ ಚಿಮಿಣಿ ಬೆಳಕಿನಲ್ಲಿ ಬೀಡಿ ಕಟ್ಟಿ ಸರ್ಕಾರದ ಕಂತಿಗೆ ಹಣ ಹೊಂದಿಸಿದ್ದು ಮನೆಯ ಹೆಣ್ಣುಮಕ್ಕಳು. ಅಣ್ಣನ ಹೆಸರು ಕಾಗದದಲ್ಲಿದೆ ಎಂದು ತಂಗಿಯರ ಪಾಲು ಮರೆತುಬಿಟ್ಟ ಮನೆಗಳು ನಮ್ಮಲ್ಲಿ ಇಲ್ಲವೇ? ಉಳುವವರಿಗೆ ಭೂಮಿ ಎಂದು ಬಂದ ಕಾನೂನಿನ ಫಲ ಉಂಡವರು ಉತ್ತವರಲ್ಲಿ ಅರ್ಧ ಜನರನ್ನು ಬಿಟ್ಟುಬಿಟ್ಟರೆ ಅದು ನ್ಯಾಯವಲ್ಲ. ನಮ್ಮ ದೀನ್ ಕೂಡ ಹೆಣ್ಣುಮಕ್ಕಳ ಪಾಲನ್ನು ಕಡ್ಡಾಯ ಮಾಡಿದೆ.

ಹಿರಿಯರು ಇನ್ನೂ ಇದ್ದರೆ ಅವರ ಹತ್ತಿರ ಕುಳಿತು ಕೇಳಿ. ಧಣಿ ಯಾರು, ಎಷ್ಟು ಮುಡಿ ಗೇಣಿ ಇತ್ತು, ಅರ್ಜಿ ಬರೆದುಕೊಟ್ಟವರು ಯಾರು, ಮಂಡಳಿಯ ಮುಂದೆ ಸಾಕ್ಷಿ ಹೇಳಿದ ನೆರೆಯವರು ಯಾರು. ಆ ಸಾಕ್ಷಿ ಹೇಳಿದವರು ಎಷ್ಟೋ ಕಡೆ ಬೇರೆ ಜಾತಿಯವರು, ಬೇರೆ ಧರ್ಮದವರು. ಅವರ ಹೆಸರನ್ನೂ ಬರೆದು ಆ ಕಾಗದದ ಜೊತೆಗೇ ಇಡಿ.